ಸಾಹುಕಾರರ ವಿಮಾನದ ಎಡ ರೆಕ್ಕೆ

ದಾವಣಗೆರೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಿಂದ ಪೆಟ್ಟಿಗೆಗಳು ಬಂದ ದಿನವೇ ಮೊದಲ ಏಟು ಬಿತ್ತು.

ಎರಡು ಎತ್ತಿನ ಗಾಡಿಗಳ ಮೇಲೆ ಒಂಬತ್ತು ಪೆಟ್ಟಿಗೆಗಳು. ಇಂಗ್ಲೆಂಡಿನಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ ಬಂದಿದ್ದವು. ಒಬ್ಬರೇ ಕೂತು ಹಾರಿಸುವ ಪುಟ್ಟ ವಿಮಾನವೊಂದು ಅವುಗಳೊಳಗೆ ಬಿಡಿಬಿಡಿಯಾಗಿ ಮಲಗಿತ್ತು. ಮರದ ಪಟ್ಟಿಗಳು, ಕಾಗದದಷ್ಟು ತೆಳುವಾದ ಪ್ಲೈವುಡ್, ಅಗಸೆ ನಾರಿನ ಲಿನನ್ ಬಟ್ಟೆ, ಡಬ್ಬಿಗಳಲ್ಲಿ ಅಂಟಿನ ಪುಡಿ, ಸಣ್ಣ ಕಾರಿನ ಎಂಜಿನ್ನನ್ನೇ ವಿಮಾನಕ್ಕೆ ಒಗ್ಗಿಸಿದ್ದ ಒಂದು ಎಂಜಿನ್. ಎಂಟು ಪೆಟ್ಟಿಗೆಗಳು ಸುಸೂತ್ರವಾಗಿ ಇಳಿದವು. ಒಂಬತ್ತನೆಯದು ಹನ್ನೊಂದು ಅಡಿ ಉದ್ದದ್ದು. ಅದರ ಹಿಂದಿನ ತುದಿ ಹಿಡಿದಿದ್ದ ಹಮಾಲನ ಕಾಲು ಗಾಡಿಯ ಚಕ್ರಕ್ಕೆ ತಾಗಿ ಪೆಟ್ಟಿಗೆ ಜಾರಿತು, ಕಲ್ಲುಚಪ್ಪಡಿಯ ಮೇಲೆ ಮೂಲೆಯಿಂದ ಬಿತ್ತು. ಒಳಗೆ ಏನೋ ಲಟಕ್ಕೆಂದಿತು.

ಸಾಹುಕಾರರು ಮೂರೇ ಹೆಜ್ಜೆಯಲ್ಲಿ ಅವನ ಹತ್ತಿರ ಹೋದರು. ಗರಡಿಯಲ್ಲಿ ಬೆಳೆದ ಮೈ ಅವರದು. ಬಾರಿಸಿದ ಒಂದೇ ಏಟಿಗೆ ಹಮಾಲ ನೆಲಕ್ಕೆ ಕೂತ. ಬಾಯಿ ಒರೆಸಿಕೊಂಡ ಅಂಗೈಯಲ್ಲಿ ಒಂದು ಹಲ್ಲು ಇತ್ತು. ಅವನು ಅದನ್ನು ನೋಡುತ್ತಿದ್ದಾಗಲೇ ಎದೆಗೆ ಒದೆ ಬಿತ್ತು. ನನ್ನ ಕೈಯಲ್ಲಿ ಪೆಟ್ಟಿಗೆ ತೆರೆಯುವ ಮೀಟುಗೋಲಿತ್ತು. ನಾನು ಅದನ್ನು ಹಿಡಿದುಕೊಂಡು ನಿಂತೇ ಇದ್ದೆ. ನಾನು ನೋಡುತ್ತಿದ್ದದ್ದು ಪೆಟ್ಟಿಗೆಯನ್ನು. ಒಳಗೆ ಯಾವ ಮರ ಮುರಿಯಿತೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಆಗ ಹರಿಹರದ ಒಂದು ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಬಡಗಿ. ಕಬ್ಬಿಣ ಎರೆಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಕೆತ್ತಿಕೊಡುವ ಕೆಲಸ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಾಹುಕಾರರದು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ, ಹರಿಹರದ ದಾರಿಯಲ್ಲಿ ಕಪ್ಪುಮಣ್ಣಿನ ಎರೆ ಹೊಲಗಳು. ಬೆಂಗಳೂರಿಗೆ ಹೋಗಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ತಂದಿದ್ದರು. ಈಗ ತಮ್ಮದೇ ವಿಮಾನ ಬೇಕೆಂದು ಹತ್ತಿ ಬಿಡಿಸುವ ಹಳೇ ಜಿನ್ನಿಂಗ್ ಶೆಡ್ಡೊಂದನ್ನು ಖಾಲಿ ಮಾಡಿಸಿದ್ದರು. ಮೂರು ತಿಂಗಳ ಮಟ್ಟಿಗೆ ಬಾ ಎಂದು ನನಗೆ ಹೇಳಿಕಳಿಸಿದಾಗ ಕಾರ್ಖಾನೆಯಲ್ಲಿ ಕಾಡಿಬೇಡಿ ರಜೆ ಪಡೆದು, ಬಾಚಿ, ಉಳಿ, ಗರಗಸಗಳ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ವಿಮಾನವನ್ನು ನಾನು ಅದುವರೆಗೆ ಆಕಾಶದಲ್ಲಲ್ಲದೆ ಬೇರೆಲ್ಲೂ ಕಂಡವನಲ್ಲ.

ಕೆಲಸ ಬಲ್ಲವರು ಒಬ್ಬರಿದ್ದರು. ನಂದಿಗುಡಿ ಕಡೆಯವರು, ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರೆಕ್ಕೆ ಕಟ್ಟುವ ಫಿಟ್ಟರ್ ಆಗಿದ್ದು ಊರಿಗೆ ಮರಳಿದವರು. ಅವರನ್ನು ಎಲ್ಲರೂ ಕಾರ್ಪೊರಲ್ ಎಂದೇ ಕರೆಯುತ್ತಿದ್ದರು. ಇವರಲ್ಲದೆ ಸಾಹುಕಾರರ ನೆರಳಿನಂತೆ ಇಬ್ಬರು ಪೈಲ್ವಾನರು. ಭಾರ ಎತ್ತುವುದು, ಬಾಗಿಲು ಕಾಯುವುದು, ಸಾಹುಕಾರರು ಕಣ್ಣು ತೋರಿಸಿದವನನ್ನು ಬಡಿಯುವುದು ಅವರ ಕೆಲಸ.

ಉದ್ದನೆಯ ಪೆಟ್ಟಿಗೆ ತೆರೆದಾಗ ನನ್ನ ಭಯ ನಿಜವಾಗಿತ್ತು. ರೆಕ್ಕೆಯೊಳಗೆ ಬುಡದಿಂದ ತುದಿಯವರೆಗೆ ಹಾಯುವ ಒಂದು ತೊಲೆ ಇರುತ್ತದೆ, ಅದಕ್ಕೆ ಸ್ಪಾರ್ ಎನ್ನುತ್ತಾರೆ. ಆಕಾಶದಲ್ಲಿ ಇಡೀ ವಿಮಾನ, ಅದರೊಳಗಿನ ಮನುಷ್ಯ ಸಮೇತ, ಎರಡು ಸ್ಪಾರುಗಳ ಮೇಲೆ ತೂಗುತ್ತದೆ. ಎಡ ರೆಕ್ಕೆಯ ಸ್ಪಾರ್ ಬುಡದಿಂದ ಮೂರಡಿ ದೂರದಲ್ಲಿ ಅಡ್ಡಕ್ಕೆ ಬಿರಿದಿತ್ತು.

"ತೆಗೆದು ಒಗಿ, ಇನ್ನೊಂದು ಮಾಡು," ಎಂದರು ಸಾಹುಕಾರರು.

"ಇದು ನಮ್ಮ ಕಡೆ ಸಿಗೋ ಮರ ಅಲ್ರಿ," ಎಂದರು ಕಾರ್ಪೊರಲ್. "ಬ್ಯಾರೆ ಸ್ಪಾರ್ ತರಸ್ಬೇಕಂದ್ರ ಆರು ತಿಂಗ್ಳು. ಬಿರಿದ ತುಂಡು ಕತ್ತರಿಸಿ, ಪೆಟಗ್ಯಾಗ ಬಂದಿರೋ ಹೆಚ್ಚಿನ ಮರಾನ ಬೆಸಿಬಹುದು. ಜೋಡಿಸೋ ಪುಸ್ತಕದಾಗೇ ಐತೆ. ಆದ್ರ ಅಂಟು ಸರಿಯಾಗಿ ಹಿಡೀಬೇಕು."

ಅಂಟಿನ ಪಾಠವನ್ನು ಕಾರ್ಪೊರಲ್ ನನಗೆ ಮೊದಲ ದಿನವೇ ಕಲಿಸಿದರು. ಪುಡಿಯನ್ನು ನೀರಿನಲ್ಲಿ ಕಲಸಿ ಮರದ ಒಂದು ಮುಖಕ್ಕೆ ಬಳಿಯುವುದು, ಇನ್ನೊಂದು ಮುಖಕ್ಕೆ ಗಟ್ಟಿಗೊಳಿಸುವ ದ್ರಾವಣ ಹಚ್ಚುವುದು, ಹಸಿ ಆರುವ ಮೊದಲು ಎರಡನ್ನೂ ಕೂಡಿಸಿ ಕ್ಲಾಂಪ್ ಬಿಗಿಯುವುದು. ತಡವಾದರೆ ಅಂಟು ಕೆನೆಗಟ್ಟುತ್ತದೆ. ಆಮೇಲೆ ಬಿಗಿದರೆ ನೋಡಲು ಅಂಟಿದಂತೆಯೇ ಇರುತ್ತದೆ, ಆದರೆ ಅಂಟಿರುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಹಸಿ ಆರಲು ಎಷ್ಟು ಹೊತ್ತು ಬೇಕು? ಹಾಗಾಗಿ ಅಂಟಿನ ಕೆಲಸವೆಲ್ಲ ಬೆಳಗಿನ ತಂಪಿನಲ್ಲಿ. ಪ್ರತಿ ಸಲ ಕಲಸಿದ ಅಂಟಿನಲ್ಲೇ ಎರಡು ಚಿಕ್ಕ ಚೂರುಗಳನ್ನೂ ಅಂಟಿಸಿಡಬೇಕು. ಮರುದಿನ ಅದನ್ನು ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಬಡಿಯಬೇಕು. ಮರ ಹರಿದು ಮುರಿದರೆ ಪಾಸು. ಅಂಟಿನ ಗೆರೆಯಲ್ಲೇ ಬಿಚ್ಚಿಕೊಂಡರೆ ಆ ಅಂಟಿನಿಂದ ಮಾಡಿದ ಕೆಲಸವನ್ನೆಲ್ಲ ಒಡೆದು ಹಾಕಬೇಕು.

ಹೀಗೆ ದಿನಾ ಬೆಳಗ್ಗೆ ನಮ್ಮ ಶೆಡ್ಡಿನಲ್ಲಿ ಮೊದಲ ಸದ್ದು ಬಡಿತದ್ದೇ. ಆಮೇಲೆ ಪಕ್ಕೆಲುಬುಗಳ ಕೆಲಸ. ರೆಕ್ಕೆಗೆ ಉಬ್ಬು ಕೊಡುವ ಈ ತೆಳು ಚೌಕಟ್ಟುಗಳನ್ನು ಹಲಗೆಯ ಮೇಲೆ ಮೊಳೆ ಹೊಡೆದು ಮಾಡಿದ ಪಡಿಯಚ್ಚಿನಲ್ಲಿ ಒಂದೊಂದಾಗಿ ಕೂರಿಸುತ್ತಿದ್ದೆ. ಒಂದು ದಿನ ಹಿರಿಯ ಪೈಲ್ವಾನ ಬೆನ್ನು ಆನಿಸಲು ಹೋಗಿ ಒಣಗುತ್ತಿದ್ದ ಮೂರು ಪಕ್ಕೆಲುಬುಗಳ ಮೇಲೆ ಕೂತುಬಿಟ್ಟ. ಅವು ಮುರಿದ ಸದ್ದು ಕಿವಿಗೆ ಬಿದ್ದದ್ದಷ್ಟೇ ಗೊತ್ತು, ನನ್ನ ಕೈಯಲ್ಲಿದ್ದ ಮರದ ಕೊಡತಿ ಹಾರಿ ಅವನ ಹುಬ್ಬಿಗೆ ಬಡಿದಿತ್ತು. ರಕ್ತ ಕಣ್ಣೊಳಗೆ ಇಳಿಯಿತು. ಅವನು ನನ್ನ ಕುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಸಾಹುಕಾರರು ಗಹಗಹಿಸಿ ನಕ್ಕರು.

"ಬಿಡಲೇ ಅವ್ನ! ಆಚಾರಿ ಈಗ ನಮ್ಮೋನಾದ ನೋಡು."

ಆ ಮಾತಿಗೆ ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ. ಸಂಜೆ ಮನೆಯಲ್ಲಿ ನನ್ನ ಅಂಗಿಯ ತೋಳಿನ ಮೇಲೆ ರಕ್ತ ಕಂಡು ಹೆಂಡತಿ, "ಕೈ ಕೊಯ್ಕಂಡ್ರಾ?" ಎಂದು ಕೇಳಿದಳು. "ನಂದಲ್ಲ," ಎಂದೆ. ಅವಳು ಅಂಗಿಯನ್ನು ನೀರಿನಲ್ಲಿ ಹಾಕಿದಳು.

ಬಿರಿದ ಸ್ಪಾರಿಗೆ ನಾನು ಬೆಸುಗೆಯ ಮುಖಗಳನ್ನು ಸಿದ್ಧ ಮಾಡಿದೆ. ಒಂದು ಅಂಗುಲ ದಪ್ಪಕ್ಕೆ ಹನ್ನೆರಡು ಅಂಗುಲ ಉದ್ದದ ಓರೆ, ಎರಡೂ ಮುಖಗಳ ನಡುವೆ ಬೆಳಕು ತೂರದ ಹಾಗೆ. ಎರಡು ದಿನ ಹಿಡಿಯಿತು. ಅಂಟಿಸುವ ಹಿಂದಿನ ದಿನ ಕಾರ್ಖಾನೆಯಿಂದ ಕರೆ ಬಂತು. ಯಾವುದೋ ಪಂಪಿನ ಅಚ್ಚು ಕೆಟ್ಟಿದೆ, ಮೂರು ದಿನ ಬಂದು ಹೋಗದಿದ್ದರೆ ನೌಕರಿ ಇಲ್ಲ ಎಂದರು. ಹೊರಡುವಾಗ ಕಾರ್ಪೊರಲ್‌ಗೆ, "ನಾ ಬರೋತನ ಇದನ್ನ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದೆ.

ಬಂದು ನೋಡಿದರೆ ಸ್ಪಾರಿಗೆ ಕ್ಲಾಂಪ್ ಬಿದ್ದು, ತೆಗೆದೂ ಆಗಿತ್ತು.

"ಸಾಹುಕಾರ್ರೇ ನಿಂತು ಮಾಡಿಸಿದ್ರು," ಎಂದರು ಕಾರ್ಪೊರಲ್, ನನ್ನ ಮುಖ ನೋಡದೆ. ಅವರ ಕಿವಿಯ ಕೆಳಗೆ ಬೆರಳುಗಳ ಕಂದಿದ ಗುರುತಿತ್ತು.

"ಪರೀಕ್ಷೆ ಚೂರು?"

"ಬಡ್ದು ನೋಡಿದೆ. ಮರ ಹರೀತು. ಪಾಸು."

ಚೆನ್ನಾಗಿ ಬಿಗಿದ ಬೆಸುಗೆಯಲ್ಲಿ ಅಂಟು ಹೊರಗೆ ಉಕ್ಕಿ ಮಣಿಮಣಿಯಾಗಿ ನಿಂತಿರುತ್ತದೆ. ಇಲ್ಲಿ ಆ ಮಣಿಗಳಿರಲಿಲ್ಲ. ನೋಡಿದೆ, ಕೇಳಲಿಲ್ಲ. ಕೇಳಿದರೆ ಮತ್ತೆ ಕತ್ತರಿಸಬೇಕು, ಕತ್ತರಿಸಿದರೆ ಮತ್ತೆ ಬೆಸೆಯಲು ಮರವಿಲ್ಲ. ಒರೆಸಿರಬಹುದು ಎಂದುಕೊಂಡೆ. ಪಕ್ಕೆಲುಬುಗಳನ್ನು ಪೋಣಿಸಿ ಪ್ಲೈವುಡ್ಡಿನಿಂದ ಮುಚ್ಚುವ ಕೆಲಸಕ್ಕೆ ಕೈ ಹಾಕಿದೆ.

ಮುಚ್ಚುವ ಮೊದಲು ವಿಮಾನ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಒಳಗಿನ ಬೆಸುಗೆಗಳನ್ನೆಲ್ಲ ನೋಡಬೇಕೆಂಬುದು ನಿಯಮ. ಅವರು ಬರುವುದು ಎರಡು ವಾರ ತಡವಾಯಿತು, ಸಾಹುಕಾರರು ಕಾಯಲಿಲ್ಲ. ಪ್ಲೈವುಡ್ ಹೊದಿಸಿ, ಅದರ ಮೇಲೆ ಬಟ್ಟೆ ಬಿಗಿದು, ಬಟ್ಟೆ ಡೋಲಿನ ಚರ್ಮದಂತೆ ಬಿಗಿಯಾಗಲು ಹಚ್ಚುವ ಘಾಟಿನ ಮೆರುಗೆಣ್ಣೆಯನ್ನು ನಾಲ್ಕು ಕೋಟು ಹಚ್ಚಿಯಾದ ಮೇಲೆ ಇನ್ಸ್‌ಪೆಕ್ಟರ್ ಬಂದರು. ಸಣ್ಣ ಮೈಯ, ಮೆಲುದನಿಯ ಮನುಷ್ಯ. ರೆಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಸುತ್ತು ಹಾಕಿದರು.

"ಒಳಗೆ ನೋಡದೆ ನಾನು ಸಹಿ ಹಾಕುವುದಿಲ್ಲ. ಬಿಚ್ಚಿಸಿ, ಆಮೇಲೆ ಕರೆಯಿರಿ," ಎಂದರು.

ಸಾಹುಕಾರರು ಪೈಲ್ವಾನರತ್ತ ನೋಡಿದರು. ಇನ್ಸ್‌ಪೆಕ್ಟರರ ಚರ್ಮದ ಬ್ಯಾಗು ರಸ್ತೆಗೆ ಹಾರಿ ಬಿತ್ತು, ಕಾಗದಗಳು ಚರಂಡಿಗೆ ಚೆಲ್ಲಿದವು. ಅವರನ್ನು ರಟ್ಟೆ ಹಿಡಿದು ಬಾಗಿಲಾಚೆ ನೂಕಿದಾಗ ಮಂಡಿ ತರಚಿತು. ಅವರು ಕಾಗದಗಳನ್ನು ಒಂದೊಂದಾಗಿ ಆರಿಸಿಕೊಂಡು, ಕರವಸ್ತ್ರದಲ್ಲಿ ಮಂಡಿ ಕಟ್ಟಿಕೊಂಡು ಸ್ಟೇಷನ್ನಿನತ್ತ ನಡೆದರು.

ಮರುವಾರ ಎಂಜಿನ್ ಕೂರಿಸಿದೆವು. ವಿಮಾನದ ಬಾಲವನ್ನು ಸರಪಳಿಯಿಂದ ಬೇವಿನ ಮರಕ್ಕೆ ಕಟ್ಟಿ, ಚಕ್ರಗಳಿಗೆ ಕಲ್ಲು ಕೊಟ್ಟು, ನೆಲದ ಮೇಲೆಯೇ ಎಂಜಿನ್ ಓಡಿಸಿ ನೋಡುವುದು. ಅದಕ್ಕೆ ಕೀಲಿ ಇಲ್ಲ. ಒಬ್ಬರು ಮುಂದೆ ನಿಂತು ಮರದ ಪಂಖವನ್ನು ಕೈಯಿಂದ ತಿರುಗಿಸಬೇಕು, ಇನ್ನೊಬ್ಬರು ಒಳಗೆ ಕೂತು ಸ್ವಿಚ್ ನೋಡಿಕೊಳ್ಳಬೇಕು. ಮೊದಲು ಸ್ವಿಚ್ ಆಫ್ ಇರುವಾಗ ನಾಲ್ಕು ಸುತ್ತು ತಿರುಗಿಸಿ ಪೆಟ್ರೋಲು ಎಳೆಸಿಕೊಳ್ಳುವುದು, ಆಮೇಲೆ ಆನ್ ಮಾಡಿ ಜೋರಾಗಿ ಒಂದು ಸಲ.

ಸಾಹುಕಾರರು ಒಳಗೆ ಕೂತರು. ಕಾರ್ಪೊರಲ್ ಪಂಖದ ಮುಂದೆ ನಿಂತು ಕೂಗಿದರು.

"ಸ್ವಿಚ್ ಆಫ್?"

"ಆಫ್!"

ಆಫ್ ಆಗಿರಲಿಲ್ಲ. ಕಾರ್ಪೊರಲ್ ಪಂಖವನ್ನು ಅರ್ಧ ಸುತ್ತು ಎಳೆದಿದ್ದರಷ್ಟೆ, ಎಂಜಿನ್ ಒಮ್ಮೆಲೇ ಸಿಡಿದು ಹೊತ್ತಿಕೊಂಡಿತು. ತೆಂಗಿನಕಾಯಿ ಒಡೆದಂಥ ಸದ್ದು. ಕಾರ್ಪೊರಲ್ ಹಿಂದಕ್ಕೆ ಎಗರಿ ಬಿದ್ದರು. ಅವರ ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಎರಡು ಬೆರಳುಗಳು ಇರಲಿಲ್ಲ. ನನ್ನ ಮುಖಕ್ಕೆ ಬಿಸಿಯಾದದ್ದು ಏನೋ ಚಿಮ್ಮಿತು. ಎಂಜಿನ್ ಇನ್ನೂ ಓಡುತ್ತಲೇ ಇತ್ತು, ತುದಿ ಮುರಿದ ಪಂಖ ಇಡೀ ವಿಮಾನವನ್ನು ಹಿಡಿದು ಅಲುಗಿಸುತ್ತಿತ್ತು, ಸರಪಳಿ ಬೇವಿನ ತೊಗಟೆಯನ್ನು ತರಿಯುತ್ತಿತ್ತು. ಸಾಹುಕಾರರ ಕೈ ಸ್ವಿಚ್ಚಿಗೆ ಹೋಗಲಿಲ್ಲ, ನಾನು ಹಿಂದಿನಿಂದ ಓಡಿ ಪೆಟ್ರೋಲಿನ ನಲ್ಲಿ ಮುಚ್ಚಿದ ಮೇಲೆ ಅದು ನಿಂತಿತು.

ಸಾಹುಕಾರರು ಇಳಿದು ಬಂದು ಮೊದಲು ಮುಟ್ಟಿದ್ದು ಪಂಖವನ್ನು. "ಮುರೀತಲ್ಲೋ!" ಎಂದರು. ಆಮೇಲೆ ಕೆಳಗೆ ನೋಡಿದರು. ತಮ್ಮ ಧೋತರ ಹರಿದು ಕಾರ್ಪೊರಲ್ ತೋಳಿಗೆ ತಾವೇ ಬಿಗಿದರು, ತಾವೇ ಎತ್ತಿ ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು. ಅಲ್ಲಿ ವೆರಾಂಡದ ಕಂಬಕ್ಕೆ ಹಣೆ ಚಚ್ಚಿಕೊಂಡು ಅತ್ತದ್ದನ್ನೂ ನಾನು ಕಂಡಿದ್ದೇನೆ. ಎರಡೂ ಮಾಡಿದ್ದು ಅದೇ ಮನುಷ್ಯ.

ನಾಲ್ಕನೆಯ ದಿನ ಕಾರ್ಪೊರಲ್‌ಗೆ ಜ್ವರ ಇಳಿಯಿತು. ನಾನು ಹಾಸಿಗೆಯ ಪಕ್ಕ ಕೂತಿದ್ದಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆಚಾರ್ರೇ, ನಾ ಸುಳ್ಳು ಹೇಳೀನಿ. ಎಡಗಡೆ ಸ್ಪಾರ್ ಅಂಟಿಸಿದ್ದು ಮಟಮಟ ಮಧ್ಯಾಹ್ನ. ಅಂಟು ಬಳಿದಿಟ್ಟು ಕ್ಲಾಂಪ್ ಹುಡುಕಿದ್ರು. ಬ್ಯಾಡ್ರಿ, ಕೆನಿಗಟ್ಟೈತೆ ಅಂದೆ. ಕಪಾಳಕ್ಕ ಕೊಟ್ರು."

"ಚೂರು?"

"ಒಂದೇ ಏಟಿಗೆ ಬಿಚ್ಕಂತು. ಮರ ಒಂದೆಳಿನೂ ಹರೀಲಿಲ್ಲ. ನನ್ನ ಟ್ರಂಕಿನಾಗ ಐತೆ, ನೋಡ್ರಿ."

"ಯಾಕ ಹೇಳ್ಲಿಲ್ರಿ?"

ಅವರು ನನ್ನ ಮಣಿಕಟ್ಟು ಬಿಟ್ಟರು. "ಏಟಿಗೆ ಹೆದರಿ ಅಂತ ಹೇಳಬಹುದು. ಅಷ್ಟೇ ಅಲ್ಲ. ನಾನೂ ಅದು ಹಾರೋದು ನೋಡಬೇಕಿತ್ತು."

ಟ್ರಂಕಿನಲ್ಲಿ ಚೂರುಗಳು ಸಿಕ್ಕವು. ಎರಡೂ ಮುಖಗಳು ಗಾಜಿನಂತೆ ನುಣ್ಣಗೆ ಹೊಳೆಯುತ್ತಿದ್ದವು. ಅವನ್ನು ಸಾಹುಕಾರರ ಮುಂದೆ ಮೇಜಿನ ಮೇಲಿಟ್ಟೆ.

"ರೆಕ್ಕಿ ಬಿಚ್ಬೇಕ್ರಿ."

"ಹಾರೋ ದಿನ ಗೊತ್ತು ಮಾಡೀನಿ. ಊರಿಗೆಲ್ಲ ಹೇಳೀನಿ. ಪಂಖ ಹೆಂಗೂ ಇನ್ನೊಂದು ಐತೆ, ಹಾಕು."

"ಬಿಚ್ಚೋದು ಬ್ಯಾಡಂದ್ರ, ರೆಕ್ಕಿ ಬೋರಲು ಹಾಕಿ ಮರಳಿನ ಚೀಲ ಹೇರಿ ನೋಡೋಣ್ರಿ. ತಡಕಂಡ್ರ ಹಾರ್ರಿ. ಇಲ್ಲಾಂದ್ರ ನೀವು ಸಾಯ್ತೀರಿ."

ಸಾಯ್ತೀರಿ ಎಂಬ ಮಾತು ಮುಗಿಯುವ ಮೊದಲೇ ಅವರ ಮುಷ್ಟಿ ನನ್ನ ಹೊಟ್ಟೆಗೆ ಬಿತ್ತು. ಮಂಡಿಯೂರಿ ಕೂತೆ. ಉಸಿರು ಮರಳಿ ಬರುವಷ್ಟರಲ್ಲಿ ಅವರು ಆ ಚೂರುಗಳನ್ನು ಕಿಟಕಿಯಾಚೆ ಎಸೆದಿದ್ದರು.

"ಶುಭದ ಹೊತ್ನಾಗ ಅಪಶಕುನ ಆಡ್ತೀಯೇನಲೇ?"

ನಾನು ಮನೆಗೆ ಹೋಗಿ ಎರಡು ದಿನ ಮಲಗಿದೆ. ಬಿಟ್ಟುಬಿಡಬಹುದಿತ್ತು. ಕಾರ್ಖಾನೆಗೆ ಹೋಗಿ ಪಂಪಿನ ಅಚ್ಚು ಕೆತ್ತಬಹುದಿತ್ತು. ಪೊಲೀಸರಿಗೆ ಹೇಳಬಹುದಿತ್ತು, ಆದರೆ ಊರಿನ ದೊಡ್ಡ ಸಾಹುಕಾರರ ರೆಕ್ಕೆಯೊಳಗೆ ಅಂಟು ಹಿಡಿದಿಲ್ಲ ಎಂಬ ದೂರನ್ನು ಯಾವ ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ? ಅವರು ಸತ್ತರೆ ಸಾಯಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಆ ಹಮಾಲ, ಇನ್ಸ್‌ಪೆಕ್ಟರ್, ಕಾರ್ಪೊರಲ್, ನಾನು, ನಾಲ್ವರ ಲೆಕ್ಕವೂ ಒಂದೇ ಏಟಿಗೆ ತೀರುತ್ತದೆ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ನಾನು ಕೆತ್ತಿದ ಆ ಓರೆ ಮುಖ, ಅದು ಆಕಾಶದಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವುದು. ಮಣಿಗಳಿರಲಿಲ್ಲ ಎಂಬುದನ್ನು ನಾನು ನೋಡಿದ್ದೆ.

ಹಾರುವ ದಿನ ಬೆಳಗ್ಗೆ ಹೆಂಡತಿಗೆ, "ಬರೋದು ತಡ ಆಗಬಹುದು," ಎಂದೆ.

"ಚೀಲ ಯಾಕ ತಗೊಂಡ್ರಿ? ಕೆಲಸ ಮುಗೀತು ಅಂದ್ರಿ?"

"ಒಂದು ಕೆಲಸ ಉಳಿದೈತೆ."

ಹರಿಹರದ ರಸ್ತೆಯ ಪಕ್ಕದಲ್ಲಿ ಸಾಹುಕಾರರ ಹತ್ತಿ ಹೊಲವನ್ನು ರೋಲರ್ ಹೊಡೆಸಿ, ಎರೆಯ ಬಿರುಕುಗಳಿಗೆ ಮಣ್ಣು ತುಂಬಿಸಿ ಸಮ ಮಾಡಿಸಿದ್ದರು. ಗಾಳಿ ಬೀಸುವ ಮೊದಲೇ ಹಾರಬೇಕೆಂದು ಬಿಸಿಲೇರುವಷ್ಟರಲ್ಲಿ ಜನ ಸೇರಿದ್ದರು. ಗಾಡಿಗಳು, ಸೈಕಲ್ಲುಗಳು, ಮಿಲ್ಲಿನವರು, ಅಂಗಡಿಯವರು, ಬುತ್ತಿ ಕಟ್ಟಿಕೊಂಡು ಬಂದ ಹೆಂಗಸರು. ವಿಮಾನಕ್ಕೆ ಹಾರ ಹಾಕಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಿದ್ದರು. ಸಾಹುಕಾರರು ಕೋಟು ತೊಟ್ಟು, ಹಣೆಗೆ ವಿಭೂತಿ ಧರಿಸಿ, ಕಣ್ಣಿಗೆ ಹಾಕುವ ದೊಡ್ಡ ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನನ್ನನ್ನು ಕಂಡು ನಕ್ಕರು. ಸಿಟ್ಟು ಇಳಿದು ಬಂದನೆಂದು ತಿಳಿದರು.

"ಬಾ ಆಚಾರಿ, ಬಂದ್ಯಲ್ಲ. ಕೊನೀ ಸಲ ನೋಡಿಬಿಡು."

"ನೋಡ್ತೀನ್ರಿ," ಎಂದೆ.

ಎಡ ರೆಕ್ಕೆಯ ಹತ್ತಿರ ಹೋದೆ. ಬುಡದಿಂದ ಮೂರಡಿ ಅಳೆದೆ, ಅಂಗೈ ಊರಿ ಜಾಗ ಗುರುತಿಸಿದೆ. ಚೀಲದಿಂದ ಬಾಚಿ ತೆಗೆದು ಎರಡೂ ಕೈಯಲ್ಲಿ ಎತ್ತಿ ಹೊಡೆದೆ.

ಮೊದಲ ಏಟಿಗೆ ಬಟ್ಟೆ ಡೋಲು ಹರಿದಂತೆ ಹರಿಯಿತು. ಎರಡನೆಯದಕ್ಕೆ ಪ್ಲೈವುಡ್ ಒಡೆಯಿತು. ಮೂರನೆಯ ಏಟು ಮರಕ್ಕೆ ಕಚ್ಚಿತು. ನಾಲ್ಕನೆಯದಕ್ಕೆ ಬಾಚಿ ಎತ್ತುವಾಗ ಹಿರಿಯ ಪೈಲ್ವಾನ ಹಿಂದಿನಿಂದ ಬಂದು ಅಪ್ಪಿ ಎತ್ತಿ ನನ್ನನ್ನು ನೆಲಕ್ಕೆ ಅಪ್ಪಳಿಸಿದ. ಕೊಡತಿಯ ಏಟು ಅವನಿಗೆ ಮರೆತಿರಲಿಲ್ಲ. ಇನ್ನೊಬ್ಬ ಪಕ್ಕೆಗೆ ಒದ್ದ. ನನ್ನೊಳಗೆ ಮುರಿದ ಸದ್ದು ನನಗೇ ಕೇಳಿತು. ಆಮೇಲೆ ಬರೀ ಪೈಲ್ವಾನರಲ್ಲ, ಹಾರುವುದನ್ನು ನೋಡಲು ಬಂದಿದ್ದ ಜನವೂ ಸೇರಿಕೊಂಡಿತು. ಮೆಟ್ಟು, ಸೈಕಲ್ ಪಂಪು, ಬಾರುಕೋಲು. "ಹೊಡೀರಿ ಅವ್ನಿಗೆ! ಹೊಟ್ಟೆಕಿಚ್ಚಿನ ನನ್ಮಗ!" ನಾನು ಯಾರೆಂದೂ ಅವರಿಗೆ ಗೊತ್ತಿರಲಿಲ್ಲ. ಎಡ ಕಿವಿಯ ಮೇಲೆ ಏನೋ ಬಿದ್ದು, ಸದ್ದೆಲ್ಲ ಒಮ್ಮೆ ಶಿಳ್ಳೆಯಾಗಿ ಆ ಕಡೆ ನಿಂತೇ ಹೋಯಿತು.

ಜನ ಸರಿದು ದಾರಿ ಬಿಟ್ಟರು. ಸಾಹುಕಾರರು ನನ್ನ ಬಾಚಿಯನ್ನೇ ಹಿಡಿದು ಮೇಲೆ ನಿಂತಿದ್ದರು. ಅವರು ಕೈ ಎತ್ತಿದ್ದು, ಬಾಚಿಯ ಅಲಗು ಬಿಸಿಲಿಗೆ ಹೊಳೆದದ್ದು ಕಂಡೆ. ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ಅವರ ಹಿಂದೆ ಒಂದು ಸದ್ದಾಯಿತು. ಯಾರೋ ನೂಕುನುಗ್ಗಲಿನಲ್ಲಿ ಆಯ ತಪ್ಪಿ ಎಡ ರೆಕ್ಕೆಯ ತುದಿಗೆ ಜೋತುಬಿದ್ದಿದ್ದ, ಅಷ್ಟೇ. ರೆಕ್ಕೆ ನಡುವಿಗೆ ಮಡಿಸಿಕೊಂಡು ನೆಲಕ್ಕೆ ತಾಗಿತು. ನನ್ನ ಬಾಚಿ ಕಚ್ಚಿದ್ದ ಜಾಗದಲ್ಲಿ ಅದು ಮುರಿದಿರಲಿಲ್ಲ. ಅಲ್ಲಿಂದ ಒಂದು ಗೇಣು ಆಚೆ, ಪೆಟ್ಟೇ ಬೀಳದ ಕಡೆ ಬೆಸುಗೆ ಬಿಚ್ಚಿಕೊಂಡಿತ್ತು. ಓರೆ ಮುಖ ಪೂರ್ತಿ ಹೊರಗೆ ಬಂದಿತ್ತು. ಒಂದು ಎಳೆ ಮರವೂ ಹರಿದಿರಲಿಲ್ಲ.

ಸಾಹುಕಾರರು ಹೋಗಿ ಅದರ ಮುಂದೆ ಕೂತರು. ಹೆಬ್ಬೆರಳ ಉಗುರಿನಿಂದ ಕೆರೆದರು. ಒಣಗಿದ ಅಂಟು ಹಪ್ಪಳದಂತೆ ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಾಚಿಯನ್ನು ದೂರ ಎಸೆದು ನನ್ನ ಹತ್ತಿರ ಬಂದು, ಬಿದ್ದವನ ಕಪಾಳಕ್ಕೆ ಇನ್ನೊಂದು ಏಟು ಹೊಡೆದರು. ಕಣ್ಣಾರೆ ನೋಡಿದ ಮೇಲೂ ಹೊಡೆದರು. ಆ ದಿನದ ಏಟುಗಳಲ್ಲಿ ನನಗೆ ಇಂದಿಗೂ ಲೆಕ್ಕವಿರುವುದು ಅದೊಂದೇ.

"ಹೋಗ್ರಲೇ ಎಲ್ಲಾ! ಏನ್ ನೋಡ್ತೀರಿ!" ಎಂದು ಜನರ ಮೇಲೆ ಕೂಗಿದರು.

ಮೂರು ಪಕ್ಕೆಲುಬು, ಒಂದು ಕಾಲರ್ ಎಲುಬು, ಎಡ ಕಿವಿ. ಆಸ್ಪತ್ರೆಯಲ್ಲಿ ನನ್ನನ್ನು ಕಾರ್ಪೊರಲ್ ಪಕ್ಕದ ಮಂಚಕ್ಕೇ ಹಾಕಿದರು. ಪೊಲೀಸಿನವರು ಬಂದು ಕೇಳಿದಾಗ ಬಿದ್ದೆ ಎಂದೆ. ಅದು ಸರಿಯಾದ ಮಾತೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಸಾಹುಕಾರರು ಒಂಬತ್ತನೆಯ ದಿನ ಬಂದರು, ಪೈಲ್ವಾನರಿಲ್ಲದೆ. ಇಬ್ಬರ ಮಂಚಗಳ ನಡುವೆ ಸ್ಟೂಲಿನ ಮೇಲೆ ಕೂತರು. ಕ್ಷಮಿಸು ಎನ್ನಲಿಲ್ಲ. ಆ ಮಾತು ಅವರ ಬಾಯಲ್ಲಿ ಇರಲಿಲ್ಲ.

"ಹೊಸಾ ಸ್ಪಾರ್‌ಗೆ ಬರೆದು ಹಾಕೀನಿ," ಎಂದರು ನೆಲ ನೋಡುತ್ತ. "ಯಾರು ಮಾಡ್ತಾರ?"

ನನ್ನ ಹೆಂಡತಿ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಸಾಹುಕಾರರ ಮುಂದೆ ಎಂದೂ ದನಿ ಎತ್ತದವಳು, "ಇನ್ನ ಯಾವ ಎಲುಬು ಉಳಿದಾವ್ರಿ ಮುರಿಯಾಕ?" ಎಂದಳು.

ಯಾಕೆ ಒಪ್ಪಿದೆನೆಂದು ಹಲವರು ಕೇಳಿದ್ದಾರೆ. ನಾನು ಒಡೆದ ರೆಕ್ಕೆ ಅದು. ಒಡೆದು ಬಿಟ್ಟುಹೋದರೆ ನಾನೂ ಒಡೆಯುವವರ ಸಾಲಿಗೇ ಸೇರುತ್ತೇನೆ ಎನ್ನಿಸಿತು, ಅಷ್ಟೇ. ಷರತ್ತು ಹಾಕಿದ್ದು ಕಾರ್ಪೊರಲ್. ಪೈಲ್ವಾನರು ಶೆಡ್ಡಿಗೆ ಕಾಲಿಡಕೂಡದು. ಅಲ್ಲಿ ಯಾರ ಮೇಲೆ ಯಾರು ಕೈ ಎತ್ತಿದರೂ ಅದೇ ದಿನ ಕೆಲಸ ಬಂದ್. ಸಾಹುಕಾರರು ತಾವೇ ಹೋಗಿ ಇನ್ಸ್‌ಪೆಕ್ಟರರನ್ನು ಕರೆತರಬೇಕು, ಅವರು ನೋಡುವ ಮೊದಲು ಒಂದು ಅಂಗುಲವೂ ಮುಚ್ಚಕೂಡದು. ಸಾಹುಕಾರರು ಮೂರಕ್ಕೂ ಹೂಂ ಎಂದರು. ಅವರು ಇನ್ಸ್‌ಪೆಕ್ಟರರಿಗೆ ಏನು ಹೇಳಿದರೋ ಗೊತ್ತಿಲ್ಲ, ಮುಂದೆ ರೆಕ್ಕೆ ಮುಚ್ಚುವ ಹಂತ ಬಂದಾಗ ಇನ್ಸ್‌ಪೆಕ್ಟರ್ ಅಂತೂ ಬಂದರು. ಮೊದಲಿನ ಹಾಗೆಯೇ ಮೆಲುದನಿಯಲ್ಲಿ ಟಾರ್ಚು ಕೇಳಿ ಪಡೆದು, ಬಲ ರೆಕ್ಕೆಯ ಹೊದಿಕೆಯನ್ನೂ ಬಿಚ್ಚಿಸಿ, ಎರಡೂ ರೆಕ್ಕೆಗಳೊಳಗೆ ತಲೆ ತೂರಿಸಿ ಅರ್ಧ ದಿನ ನೋಡಿದರು.

ಮಳೆಗಾಲ ಕಳೆದ ಮೇಲೆ ಹೊಸ ಸ್ಪಾರ್ ಬಂತು. ಬಲಗೈಯಲ್ಲಿ ಮೂರೇ ಬೆರಳುಳಿದ ಕಾರ್ಪೊರಲ್ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಅಂಟು ಕಲಸುವುದು ಬೆಳಗಿನ ತಂಪಿನಲ್ಲೇ. ಒಮ್ಮೆ ಕ್ಲಾಂಪ್ ಜಾರಿ ಒಂದು ಇಡೀ ಮುಂಜಾನೆಯ ಕೆಲಸ ಹಾಳಾದಾಗ ಸಾಹುಕಾರರ ಮುಷ್ಟಿ ಬಿಗಿಯಿತು. ಮೂವರೂ ಅದನ್ನೇ ನೋಡಿದೆವು. ಅವರು ಹೊರಗೆ ಹೋಗಿ ಬೇವಿನ ಮರಕ್ಕೆ ಗುದ್ದಿ, ಗೆಣ್ಣು ಒಡೆದುಕೊಂಡು ಮರಳಿ ಬಂದರು. ರೆಕ್ಕೆ ಮುಗಿದ ಮೇಲೆ, ಆಕಾಶದಲ್ಲಿ ಗಾಳಿ ಕೆಳಗಿನಿಂದ ಎತ್ತುವ ಬಲದಂತೆ ಭಾರ ಬೀಳಲೆಂದು, ಅದನ್ನು ಬೋರಲು ಹಾಕಿ ಬುಡವನ್ನು ಕಲ್ಲುಕಂಬಕ್ಕೆ ಬಿಗಿದು, ಮರಳು ಚೀಲಗಳನ್ನು ತೂಗಿ ತೂಗಿ ಹೇರಿದೆವು. ರೆಕ್ಕೆ ಬಾಗುತ್ತ ಹೋಯಿತು, ಕಿರುಗುಟ್ಟಿತು. ಆಕಾಶದಲ್ಲಿ ಹೊರಬೇಕಾದ್ದರ ನಾಲ್ಕು ಪಟ್ಟು ಹೇರಿದ ಮೇಲೂ ನಿಂತಿತು. ಚೀಲ ಇಳಿಸಿದಾಗ ತನ್ನ ಆಕಾರಕ್ಕೆ ತಾನೇ ಮರಳಿತು. ಇನ್ಸ್‌ಪೆಕ್ಟರ್ ಸಹಿ ಹಾಕಿದರು.

ಹಾರಿದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ತಣ್ಣನೆಯ ಬೆಳಗ್ಗೆ. ಈ ಸಲ ಊರಿಗೆ ಹೇಳಿರಲಿಲ್ಲ, ರಸ್ತೆಯಲ್ಲಿ ಹೋಗುತ್ತಿದ್ದ ಹತ್ತಿಪ್ಪತ್ತು ಜನ ನಿಂತಿದ್ದರಷ್ಟೇ. ಪಂಖ ತಿರುಗಿಸಿದವನು ನಾನು. ಕಾರ್ಪೊರಲ್ ಹೊಸದೊಂದು ನಿಯಮ ಮಾಡಿದ್ದರು. ಆಫ್ ಎಂದು ಬಾಯಲ್ಲಿ ಹೇಳಿದರೆ ಸಾಲದು, ಒಳಗೆ ಕೂತವರು ಎರಡೂ ಕೈಗಳನ್ನು ಹೊರಗೆ ಚಾಚಿ ತೋರಿಸಬೇಕು. ಸಾಹುಕಾರರು ಚಾಚಿದರು. ನಾಲ್ಕು ಸುತ್ತು ತಿರುಗಿಸಿದೆ, ಆಮೇಲೆ ಆನ್. ಎಂಜಿನ್ ಹೊತ್ತಿತು. ವಿಮಾನ ಎರೆ ಮಣ್ಣಿನ ಮೇಲೆ ಕುಲುಕುತ್ತ ಓಡಿ, ಒಂದು ಕಡೆ ಕುಲುಕುವುದನ್ನು ನಿಲ್ಲಿಸಿತು. ನೆಲಕ್ಕೂ ಚಕ್ರಕ್ಕೂ ನಡುವೆ ಬೆಳಕು ಕಂಡಿತು.

ಅದು ಹರಿಹರದ ದಿಕ್ಕಿಗೆ ಹೋಗಿ ತುಂಗಭದ್ರೆಯ ಮೇಲೆ ತಿರುಗಿ ಬಂತು. ತಿರುಗುವಾಗ ಎಡ ರೆಕ್ಕೆ ಕೆಳಗಾಗುವುದನ್ನು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅದು ತಲೆಯ ಮೇಲೆ ದಾಟಿ ನನ್ನ ಕೇಳದ ಕಿವಿಯ ಕಡೆಗೆ ಹೋದಾಗ ಸದ್ದು ಒಮ್ಮೆಲೇ ಕುಗ್ಗಿತು. ಬಿತ್ತೆಂದು ಬೆಚ್ಚಿ ಮುಖ ತಿರುಗಿಸಿದರೆ ಹಾರುತ್ತಲೇ ಇತ್ತು.

ಇಳಿದರು. ಎಂಜಿನ್ ನಿಲ್ಲಿಸಿದರು. ಕನ್ನಡಕ ಕಿತ್ತು ಕೆಳಗೆ ಧುಮುಕಿ ನೇರವಾಗಿ ನನ್ನತ್ತ ನಡೆದು ಬಂದರು. ಕಣ್ಣುಗಳು ಕೆಂಪಾಗಿದ್ದವು, ಮುಖವೆಲ್ಲ ಎಣ್ಣೆಯ ಹನಿ. ಹತ್ತಿರ ಬರುತ್ತಲೇ ಬಲಗೈ ಮೇಲೆತ್ತಿದರು.

ನಾನು ಎರಡೂ ತೋಳುಗಳಲ್ಲಿ ತಲೆ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟಿದ್ದೆ.

ಏಟು ಬೀಳಲಿಲ್ಲ. ತೋಳುಗಳ ಸಂದಿನಿಂದ ನೋಡಿದೆ. ಕೈ ಗಾಳಿಯಲ್ಲೇ ನಿಂತಿತ್ತು. ಬೆರಳುಗಳು ಅಗಲವಾಗಿ ತೆರೆದಿದ್ದವು. ಭುಜದ ಮೇಲೆ ಇಡಲು ಎತ್ತಿದ ಕೈ ಅದು. ಸಾಹುಕಾರರು ನನ್ನನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿದರು, ಯಾರದೋ ಕೈ ನೋಡುವ ಹಾಗೆ. ಕಾರ್ಪೊರಲ್ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸುವವರೆಗೂ ಅವರು ಅದನ್ನು ಇಳಿಸಲಿಲ್ಲ.

ನಾನು ಧೂಳು ಕೊಡವಿಕೊಂಡು ಎಡ ರೆಕ್ಕೆಯ ಕೆಳಗೆ ಹೋದೆ. ಬುಡದಿಂದ ತುದಿಯವರೆಗೆ ಗೆಣ್ಣಿನಿಂದ ತಟ್ಟುತ್ತ, ಕೇಳುವ ಕಿವಿಯನ್ನು ರೆಕ್ಕೆಗೆ ಒತ್ತಿ ಆಲಿಸಿದೆ. ಅಂಟು ಎಲ್ಲೂ ಬಿಟ್ಟಿರಲಿಲ್ಲ.